ನಾನು ಮಾಡಿದ ಒಂದೇ ಒಂದು ಕೆಟ್ಟ ಬೀಗ

ನಮ್ಮೂರಿನಲ್ಲಿ ಹದಿನೆಂಟು ತುಂಬದವರ ಮೇಲೆ ಬೀಗ ನಿಲ್ಲುವುದಿಲ್ಲ. ಮಗುವನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದಿರೋ, ಟಕ್ ಎಂದು ಕೊಂಡಿ ಬಿಚ್ಚಿಕೊಂಡು ನೆಲಕ್ಕೆ ಬೀಳುತ್ತದೆ. ಹಿತ್ತಾಳೆಯದಾದರೂ ಅಷ್ಟೆ, ಉಕ್ಕಿನದಾದರೂ ಅಷ್ಟೆ, ಪೇಟೆಯಿಂದ ಗ್ಯಾರಂಟಿ ಚೀಟಿ ಸಮೇತ ತಂದದ್ದಾದರೂ ಅಷ್ಟೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ನಾನು ಕೇಳಿದೆನೆ? ಇಂಥ ಊರಿನಲ್ಲಿ ಬೀಗ ಮಾಡಿ ಮಾರಿ ಹೊಟ್ಟೆ ಹೊರೆಯುವ ಹಣೆಬರಹ ನನ್ನದು. ಬೀಗದ ಓಬಕ್ಕ ಎಂದರೆ ಎಲ್ಲರಿಗೂ ಗೊತ್ತು. ನಮ್ಮಪ್ಪನದೂ ಇದೇ ಕಸುಬು. ಬೇರೆ ಯಾವುದಾದರೂ ಊರಿನಲ್ಲಿ ಹುಟ್ಟಿದ್ದರೆ ಮಹಡಿ ಮನೆ ಕಟ್ಟುತ್ತಿದ್ದನೋ ಏನೋ, ಇಲ್ಲಿ ಹುಟ್ಟಿ ತಗಡಿನ ಅಂಗಡಿಯಲ್ಲೇ ಸತ್ತ.

ಊರಿನವರು ಇದಕ್ಕೆ ಯಾವತ್ತೋ ಒಗ್ಗಿಹೋಗಿದ್ದಾರೆ. ಬೀಗದ ಕೈಯನ್ನು ನಾವು ಬರೀ ಕೈ ಎನ್ನುತ್ತೇವೆ. ಮನೆಯ ಕೈ ಕಳೆದುಕೊಂಡವರು ನನ್ನ ಹತ್ತಿರ ಬರುತ್ತಾರೆಯೇ? ಇಲ್ಲ, ಪಕ್ಕದ ಮನೆಗೆ ಹೋಗಿ ಒಂದು ನಿಮಿಷ ನಿಮ್ಮ ಕೂಸು ಕೊಡಿ ಎಂದು ಈಸಿಕೊಳ್ಳುತ್ತಾರೆ. ಕಿಟಕಿಯಿಂದ ಕೂಸನ್ನು ಒಳಕ್ಕೆ ಇಳಿಬಿಟ್ಟರೆ ಮುಗಿಯಿತು, ಬೀಗ ಕೆಳಗೆ. ಆಮೇಲೆ ಕೂಸಿನ ಕೆನ್ನೆ ಹಿಂಡಿ ವಾಪಸು ಕೊಟ್ಟು ಬರುತ್ತಾರೆ. ಕುಂಬಾರ ಬೀದಿಯ ಒಂದು ದಪ್ಪ ಕೂಸಂತೂ ವರ್ಷ ತುಂಬುವುದರೊಳಗೆ, ನಾನು ಇಡೀ ಜನ್ಮದಲ್ಲಿ ತೆಗೆದದ್ದಕ್ಕಿಂತ ಹೆಚ್ಚು ಬೀಗ ತೆಗೆದಿತ್ತು. ಅದು ನನ್ನನ್ನು ಕಂಡು ಬೊಚ್ಚು ಬಾಯಿ ಬಿಟ್ಟು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ವಯಸ್ಸಿನ ವಿಷಯಕ್ಕೂ ನಮ್ಮಲ್ಲಿ ಕಾಗದವನ್ನು ಯಾರೂ ನಂಬುವುದಿಲ್ಲ. ಪುರಸಭೆಯ ಹಿಂದೆ ಬೀಗದ ಕೋಣೆ ಎಂದು ಒಂದಿದೆ. ಒಳಗೆ ಒಂದು ಸ್ಟೂಲು, ಗೋಡೆಯಲ್ಲಿ ಗಾಬರಿಯಾದವರಿಗೆ ನೀರಿನ ಚೊಂಬು ಕೊಡಲು ಒಂದು ಕಿಂಡಿ. ಓಟು ಹಾಕಬೇಕೆ, ಗಾಡಿ ಓಡಿಸಬೇಕೆ, ಮದುವೆಯಾಗಬೇಕೆ, ಮೊದಲು ಹೋಗಿ ಆ ಸ್ಟೂಲಿನ ಮೇಲೆ ಕೂರಬೇಕು. ಬೀಗ ಹಾಕುವವಳು ನಾನು. ಚಿಕ್ಕವರಾದರೆ ಉಸಿರು ಬಿಡುವುದರೊಳಗೆ ಬೀಳುತ್ತದೆ. ಹದಿನೆಂಟರ ಅಂಚಿನಲ್ಲಿ ಇರುವವರಿಗೆ ಬೀಗವೂ ಯೋಚನೆ ಮಾಡುತ್ತದೆ, ಆರೇಳು ನಿಮಿಷ ತೂಗಾಡಿ ಆಮೇಲೆ ಬೀಳುತ್ತದೆ. ಅದಕ್ಕೇ ಗಡಿಯಾರ ನೋಡಿ ಹತ್ತು ನಿಮಿಷ ಕಾಯುವ ಪದ್ಧತಿ. ಅಲ್ಲಿನ ಪುಸ್ತಕದಲ್ಲಿ ಎರಡೇ ಎರಡು ಕಾಲಂ: ನಿಂತಿತು, ನಿಲ್ಲಲಿಲ್ಲ. ಕೆಳಗೆ ನನ್ನ ಸಹಿ. ಹೆಣ್ಣು ನೋಡಲು ಬಂದವರು ಬಣ್ಣ, ಹಾಡು, ಹಸೆ ಎಲ್ಲ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಹುಡುಗಿಗೆ ಬೀಗ ನಿಂತಿದೆಯೇ ಎಂದು. ಬೀಗ ನಿಲ್ಲದ ಮನೆಗೆ ಬೀಗರು ಬರುವುದಿಲ್ಲ ಎಂದು ನಾನೇ ಒಂದು ಜೋಕು ಮಾಡಿಕೊಂಡಿದ್ದೇನೆ, ಯಾರೂ ನಗುವುದಿಲ್ಲ.

ಹೀಗಿರುವಾಗ, ತಪ್ಪು ಮಾಡಿದ ಮಕ್ಕಳನ್ನು ಕೂಡಿಹಾಕುವುದು ಎಲ್ಲಿಂದ ಬಂತು? ಹಿಂದಿನವರು ತಲೆ ಕೆಡಿಸಿಕೊಂಡು ಒಂದು ದಾರಿ ಕಂಡುಕೊಂಡಿದ್ದರು. ಅದಕ್ಕೆ ಕೈಗೆ ಕೊಡುವುದು ಎಂದು ಹೆಸರು. ಮಗು ಯಾರಿಗೆ ನಷ್ಟ ಮಾಡಿತೋ ಅವರು ಎಲ್ಲರ ಮುಂದೆ ‘ನನ್ನ ಕೈಗೆ ಕೊಡಿ’ ಎನ್ನಬೇಕು. ಅಂದರೆ ಕೆಟ್ಟದ್ದು ಸರಿಯಾಗುವವರೆಗೆ ಆ ಮಗು ದಿನಾ ಅವರ ಹತ್ತಿರ ಬಂದು ದುಡಿಯಬೇಕು, ಅವರು ಮಧ್ಯಾಹ್ನ ಊಟ ಹಾಕಬೇಕು. ಶಿಕ್ಷೆ ಯಾರಿಗೆ ಎಂದು ನೀವೇ ಲೆಕ್ಕ ಹಾಕಿ. ಮೇಷ್ಟರ ಕನ್ನಡಕ ಒಡೆದ ಹುಡುಗಿಯೊಬ್ಬಳು ಹೊಸ ಕನ್ನಡಕ ಬರುವವರೆಗೆ ಮೂರು ತಿಂಗಳು ಅವರಿಗೆ ಪೇಪರು ಓದಿ ಹೇಳಬೇಕಾಯಿತು. ಮೇಷ್ಟರು ತಪ್ಪು ಉಚ್ಚಾರಣೆ ಕೇಳಿ ಕೇಳಿ ಬಡವಾದರು, ಅವಳು ಈಗ ಆಕಾಶವಾಣಿಯಲ್ಲಿ ವಾರ್ತೆ ಓದುತ್ತಾಳೆ. ಎಲ್ಲರೂ ಹೀಗೇ ಉದ್ಧಾರವಾದರು ಎಂದು ಸುಳ್ಳು ಹೇಳುವುದಿಲ್ಲ. ಮೂರು ಮನೆಯ ಕೈಗೆ ಕೊಟ್ಟರೂ ಕಳ್ಳಬುದ್ಧಿ ಬಿಡದ ಒಬ್ಬನಿದ್ದ. ಅವನು ಈಗ ಪುರಸಭೆಯ ಸದಸ್ಯ.

ಜಲಜಾ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಅವಳಿಗೆ ಹದಿನೇಳು ದಾಟಿತ್ತು. ತಾಯಿ ಇಲ್ಲ, ತಂದೆ ಲಾರಿ ಡ್ರೈವರು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅಕ್ಕ ವನಜಾ ಸಾಕಿದ ಹುಡುಗಿ. ಆ ವನಜಾಳಿಗೆ ಹಿಂದಿನ ವರ್ಷ ಬೀಗ ನಿಂತು, ಮದುವೆಯೂ ಆಗಿ, ಈಗ ಬಸುರಿ. ಗಂಡ ಪಾಲಾಕ್ಷ ಹಿಟ್ಟಿನ ಗಿರಣಿಯವನು. ಗಿರಣಿಗೆ ಹೋಗುವಾಗ ಹೆಂಡತಿಯನ್ನು ಒಳಗೆ ಹಾಕಿ ಬೀಗ ಜಡಿದು ಹೋಗುತ್ತಿದ್ದ. ಕೇಳಿದರೆ, ಬಸುರಿ ಹೆಂಗಸು, ಹೊರಗೆ ಬಿಸಿಲು ಎನ್ನುತ್ತಿದ್ದ. ಬೀಗ ನನ್ನದೇ ಅಂಗಡಿಯದು, ಹಿತ್ತಾಳೆಯದು, ಗಟ್ಟಿಮುಟ್ಟು. ತಂಗಿ ಒಳಹೊಕ್ಕರೆ ಬೀಗ ಬೀಳುತ್ತದೆ ಎಂದು ಕಿಟಕಿಗಳಿಗೆಲ್ಲ ಬೆರಳು ತೂರದ ಜಾಲರಿ ಹೊಡೆಸಿದ್ದ. ನಾನು ಮಾರಿದ ಪ್ರತಿ ಬೀಗದ ಎರಡನೆಯ ಕೈ ನನ್ನ ಗೋಡೆಯ ಹಲಗೆಯ ಮೇಲೆ ತೂಗುತ್ತದೆ ಎಂಬುದು ಜಲಜಾಗೆ ಗೊತ್ತಿತ್ತು. ಬಂದು ನಿಂತು, ಮೆಲ್ಲಗೆ, ಅಕ್ಕನ ಮನೆಯ ಕೈ ಕೊಡಿ ಎಂದಳು.

ನಾನು ಕೊಡಲಿಲ್ಲ. ಬೀಗ ಕೊಂಡವನಿಗೆ ಬಿಟ್ಟು ಬೇರೆ ಯಾರಿಗೂ ಕೈ ಕೊಡುವುದಿಲ್ಲ ಎಂದು ನಮ್ಮಪ್ಪನಿಗೆ ಮಾತು ಕೊಟ್ಟಿದ್ದೆ. ಕಸುಬು ಎಂದರೆ ಕಸುಬು, ಅಕ್ಕ ತಂಗಿ ಎಂದು ನೋಡುತ್ತಾ ಕೂತರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಉಪದೇಶವನ್ನೂ ಮಾಡಿದೆ. ಅವಳು ಮೂರು ಸಲ ಬಂದಳು. ಮೂರು ಸಲವೂ ಅದೇ ಉಪದೇಶ. ಒಬ್ಬರಿಗೆ ಕೈ ಕೊಡದೆ ಹೋದರೂ ಅವರಿಗೆ ಕೈ ಕೊಟ್ಟ ಹಾಗೆ ಆಗಬಹುದು ಎಂಬುದು ಆಗ ನನ್ನ ಮಂಡೆಗೆ ಹೊಳೆದಿರಲಿಲ್ಲ.

ನಾಲ್ಕನೆಯ ಸಲ ಅವಳು ಮಧ್ಯಾಹ್ನ ಬಂದಳು. ನಾನು ಮುದ್ದೆ ಉಂಡು ಅಂಗಡಿಯಲ್ಲೇ ಅಡ್ಡಾಗಿ ಗೊರಕೆ ಹೊಡೆಯುತ್ತಿದ್ದೆ. ಹಲಗೆಯ ಮೇಲೆ ಎಂಟುನೂರು ಕೈ. ಯಾವುದು ಯಾರ ಮನೆಯದು ಎಂದು ನನಗೊಬ್ಬಳಿಗೇ ತಿಳಿಯುವ ಗುರುತು ಹಾಕಿದ್ದೇನೆ. ಅಷ್ಟು ಬುದ್ಧಿವಂತೆ ನಾನು. ಹಾಗಾಗಿ ಅವಳಿಗೆ ಒಂದನ್ನು ಆರಿಸಲು ಆಗಲಿಲ್ಲ, ಎಂಟುನೂರನ್ನೂ ಗೋಣಿಚೀಲಕ್ಕೆ ಸುರಿದುಕೊಂಡು ಹೋದಳು. ಅಕ್ಕನ ಮನೆಯ ಬಾಗಿಲ ಮುಂದೆ ಕೂತು ಒಂದೊಂದನ್ನೇ ಹಾಕಿ ತಿರುಗಿಸಿದಳಂತೆ. ಇನ್ನೂರು ದಾಟುವುದರೊಳಗೆ ಪಾಲಾಕ್ಷ ಊಟಕ್ಕೆ ಬಂದ. ಅವನು ಕೂಗಾಡಿ ಬೀದಿಯನ್ನೆಲ್ಲ ಸೇರಿಸಿದ. ಇವಳು ಚೀಲ ಎತ್ತಿಕೊಂಡು ಓಡಿ, ಕೆರೆ ಏರಿಯ ಮೇಲೆ ನಿಂತು, ನಮ್ಮಕ್ಕನ ಬಾಗಿಲು ತೆಗೆಯದ ಕೈ ಈ ಊರಿಗೆ ಯಾಕೆ ಬೇಕು ಎಂದು ಚೀಲವನ್ನು ನಡುನೀರಿಗೆ ಎಸೆದಳು. ಕೆರೆ ಆ ವರ್ಷ ತುಂಬಿತ್ತು. ನನ್ನ ಮೂವತ್ತು ವರ್ಷದ ಗೇಮೆ ಬುಳುಬುಳು ಎಂದು ತಳ ಸೇರಿತು.

ಮಾರನೆಯ ದಿನ ಪುರಸಭೆಯ ಜಗುಲಿಯಲ್ಲಿ ಊರೆಲ್ಲ ಸೇರಿ ನನ್ನ ಬಾಯನ್ನೇ ನೋಡುತ್ತಿತ್ತು. ನಾನು ಮೂರು ಪದ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ರಾತ್ರಿಯೆಲ್ಲ ಬರಿದಾದ ಹಲಗೆ ನೋಡಿ ನೋಡಿ ನನ್ನ ಕರುಳು ಬೆಂದುಹೋಗಿತ್ತು. ಕೈಗೂ ಬೇಡ, ಕಾಲಿಗೂ ಬೇಡ, ಎಲ್ಲಿಗಾದರೂ ಹಾಕಿ ಸಾಯಲಿ ಎಂದುಬಿಟ್ಟೆ. ಈ ಮಾತನ್ನು ಹಾಗೇ ಹಿಡಿದುಕೊಂಡವರು ಶಶಿಭೂಷಣ ಸಾಹೇಬರು.

ಶಶಿಭೂಷಣ ಸಾಹೇಬರು ರಾಜಧಾನಿಯಿಂದ ಆಗಷ್ಟೇ ಬಂದಿದ್ದ ಬಾಲಸುಧಾರಣಾ ಅಧಿಕಾರಿ. ಕೆಟ್ಟವರಲ್ಲ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಮಕ್ಕಳ ಸುಧಾರಣೆಗೆ ಮಕ್ಕಳನ್ನು ಒಂದು ಕಡೆ ನಿಲ್ಲಿಸಬೇಕಲ್ಲ ಎನ್ನುವುದು ಅವರ ವಾದ. ಊರಾಚೆ ನೀಲಿ ಬಣ್ಣದ ಸುಧಾರಣಾ ಭವನ ಕಟ್ಟಿಸಿದ್ದರು, ಹನ್ನೆರಡು ಕೋಣೆ, ಹನ್ನೆರಡು ಬಾಗಿಲು, ಹನ್ನೆರಡು ಬೀಗ. ಬೀಗದ ವಿಷಯ ಊರಿನವರು ಎಷ್ಟು ಹೇಳಿದರೂ, ಅದು ಮೂಢನಂಬಿಕೆ ಎಂದು ನಕ್ಕಿದ್ದರು. ಭವನಕ್ಕೆ ಜಲಜಾನೇ ಮೊದಲ ಗಿರಾಕಿ. ಬೀಗ ಹಾಕಿ ಸಾಹೇಬರು ಹತ್ತು ಹೆಜ್ಜೆ ನಡೆಯುವುದರೊಳಗೆ ಹಿಂದಿನಿಂದ ದನಿ ಕೇಳಿತಂತೆ, ಸಾರ್, ಬೀಗ ಬಿತ್ತು, ಮತ್ತೆ ಹಾಕ್ತೀರಾ, ಇಲ್ಲಾ ನಾನೇ ತಂದುಕೊಡಲಾ ಎಂದು. ಹನ್ನೆರಡೂ ಬೀಗ ಆಯಿತು. ಕಾವಲಿಗೆ ಒಬ್ಬನನ್ನು ಕೂರಿಸಿದರು. ಅವನು ಎರಡನೆಯ ದಿನಕ್ಕೇ ಅವಳ ಜೊತೆ ಚೌಕಾಬಾರ ಆಡುತ್ತಾ, ಸೋಲುತ್ತಾ ಇದ್ದ. ಆಮೇಲೆ ಸಾಹೇಬರು ನನ್ನ ಅಂಗಡಿಗೆ ಬಂದು, ಮಕ್ಕಳ ಮೇಲೆ ನಿಲ್ಲುವ ಬೀಗ ಒಂದು ಮಾಡಿಕೊಡಿ, ನಿಮ್ಮ ಹೆಸರು ರಾಜಧಾನಿಯವರೆಗೂ ಹೋಗುತ್ತದೆ ಎಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಐದು ಲಿವರಿನದು ಮಾಡಿದೆ, ಏಳರದು ಮಾಡಿದೆ, ಒಳಗೊಂದು ಹೊರಗೊಂದು ಕೊಂಡಿಯಿರುವ ಒಂದು ರಾಕ್ಷಸನನ್ನೂ ಮಾಡಿದೆ. ಜಲಜಾ ಒಳಗೆ ಕೂತರೆ ಸಾಕು, ಎಲ್ಲವೂ ನಾಲಿಗೆ ಚಾಚಿಬಿಡುತ್ತಿದ್ದವು. ರಾಕ್ಷಸ ಬಿದ್ದಾಗ ಸಾಹೇಬರ ಕಾಲಿನ ಹೆಬ್ಬೆರಳು ಜಜ್ಜಿಹೋಯಿತು. ಅವರು ಬೆರಳಿಗೆ ಬಟ್ಟೆ ಸುತ್ತಿಕೊಂಡು ನಮ್ಮ ಪುರಸಭೆಯ ಕಾನೂನಿನ ಪುಸ್ತಕ ತಿರುವಿ ಹಾಕಿದರು. ವಿಚಾರಣೆಯ ದಿನ ಬೀಗ ನಿಂತವರನ್ನು ದೊಡ್ಡವರೆಂದೇ ನೋಡಬೇಕು, ಅವರಿಗೆ ಕೈಗೆ ಕೊಡುವ ಪದ್ಧತಿ ಅನ್ವಯಿಸುವುದಿಲ್ಲ ಎಂದು ಅದರಲ್ಲಿತ್ತು. ಜಲಜಾಗೆ ಶಾಲೆಯ ದಾಖಲೆಯ ಪ್ರಕಾರ ನಲವತ್ತೆರಡು ದಿನಕ್ಕೆ ಹದಿನೆಂಟು ತುಂಬುತ್ತದೆ. ಸಾಹೇಬರು ವಿಚಾರಣೆಯನ್ನು ನಲವತ್ತಮೂರನೆಯ ದಿನಕ್ಕೆ ಇಟ್ಟರು. ಅಂದು ಬೀಗ ನಿಂತರೆ ಜಿಲ್ಲೆಯ ಜೈಲು, ಮೂರು ವರ್ಷ. ಅವಳ ಅಪ್ಪನಾದವನು ಮಾತ್ರ, ಶಾಲೆಯಲ್ಲಿ ವಯಸ್ಸು ಎರಡು ತಿಂಗಳು ಹೆಚ್ಚಿಗೆ ಬರೆಸಿದ್ದೆನೋ ಕಡಿಮೆ ಬರೆಸಿದ್ದೆನೋ ನೆನಪಿಲ್ಲ ಎಂದು ಲಾರಿ ಹತ್ತಿ ಹೋದ.

ಅಲ್ಲಿಯವರೆಗೆ ಅವಳನ್ನು ಹಿಡಿದಿಡುವವರು ಯಾರು? ಭವನದಲ್ಲಿ ಕೂತು ಬೇಜಾರಾಗಿ, ವಿಚಾರಣೆಯ ದಿನ ಗೊತ್ತಾದ ಮೂರನೆಯ ಬೆಳಿಗ್ಗೆ ಅವಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ನಾನು ಚೊಂಬು ಎಸೆದೆ. ಅದನ್ನು ಹಿಡಿದು, ತೊಳೆದು, ನೀರು ತುಂಬಿಸಿ ತಂದಿಟ್ಟಳು. ಎದ್ದು ಹೋಗು ಎಂದೆ. ಹೋಗಲಿಲ್ಲ.

‘ಓಬಕ್ಕ, ನೀವು ಕೈಗೆ ತಗೊಳ್ದಿದ್ರೆ ಬ್ಯಾಡ. ಎಸೆದಿರೋಳು ನಾನೇ ಅಲ್ವಾ, ಮಾಡಿಕೊಟ್ಟು ಹೋಗ್ತೀನಿ’ ಎಂದಳು.

ಅವಳೇ ದಾರಿ ಕಂಡುಕೊಂಡಳು. ದಿನಾ ಹತ್ತು ಹನ್ನೆರಡು ಮನೆಯ ಬಾಗಿಲು ತಟ್ಟುವುದು, ನಿಮ್ಮ ಮನೆಯ ಎರಡನೆಯ ಕೈ ಕೆರೆಗೆ ಎಸೆದವಳು ನಾನು, ಮೊದಲನೆಯದನ್ನು ಒಂದು ಗಳಿಗೆ ಕೊಡಿ, ನೋಡಿಕೊಂಡು ಇನ್ನೊಂದು ಮಾಡುತ್ತೇನೆ ಎನ್ನುವುದು. ಪ್ರತಿ ಮನೆಯಲ್ಲೂ ಬೈಗುಳ ಹೊಸದು. ಒಂದು ಮನೆಯ ಅಜ್ಜಿ ಅವಳ ಹದಿನಾಲ್ಕು ತಲೆಮಾರನ್ನು ಜಾಲಾಡಿ, ಕೊನೆಗೆ ಎರಡು ರೊಟ್ಟಿ ಕೊಟ್ಟು ಕಳಿಸಿದಳಂತೆ. ಯಾರು ಯಾವುದಕ್ಕೆ ಬೀಗ ಹಾಕುತ್ತಾರೆ ಎಂಬುದೆಲ್ಲ ಅವಳಿಗೆ ತಿಳಿಯತೊಡಗಿತು. ಕೆಲವರು ಅತ್ತೆಗೆ ಕಾಣದ ಹಾಗೆ ಸಕ್ಕರೆ ಡಬ್ಬಿಗೆ, ಒಬ್ಬರು ಸತ್ತ ಗಂಡನ ಸೈಕಲ್ಲಿಗೆ. ಸಾಯಂಕಾಲ ಬಂದು ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳದವಳ ಹಾಗೆ ಎಲ್ಲವನ್ನೂ ಕೇಳುತ್ತಿದ್ದೆ.

ಕೈಯ ಹಲ್ಲಿಗೆ ಅರ ಹಾಕುವುದನ್ನು ನಾನು ಅವಳಿಗೆ ಕಲಿಸಲಿಲ್ಲ, ಬೈದೆ ಅಷ್ಟೆ. ಬೈದ ಹಾಗೆ ಬೈದ ಹಾಗೆ ಸರಿಮಾಡಿಕೊಂಡಳು. ಹದಿನೈದನೆಯ ದಿನಕ್ಕೆ ಅವಳ ಕೈಯ ಕೆಲಸದಲ್ಲಿ ತಪ್ಪು ಹುಡುಕಲು ನಾನು ಕನ್ನಡಕ ಹಾಕಿಕೊಳ್ಳಬೇಕಾಯಿತು. ಅಷ್ಟು ಹೊತ್ತಿಗೆ ಓಬಕ್ಕ ಹೋಗಿ ದೊಡ್ಡವ್ವ ಆಗಿತ್ತು. ಯಾವಾಗ ಆಯಿತೋ ನನಗೆ ಗೊತ್ತಾಗಲಿಲ್ಲ. ಮಧ್ಯಾಹ್ನದ ಮುದ್ದೆ ಎರಡು ತಟ್ಟೆಗೆ ಬೀಳುತ್ತಿತ್ತು. ಯಾರಾದರೂ ಕೇಳಿದರೆ ಮಾತ್ರ, ಕೈಗೆ ತಗೊಂಡಿಲ್ಲ, ಸುಮ್ಮನೆ ಬಂದು ಕೂತಿದ್ದಾಳೆ ಎನ್ನುತ್ತಿದ್ದೆ.

ಈ ನಡುವೆ ವನಜಾಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಹನ್ನೊಂದನೆಯ ದಿನ ಪಾಲಾಕ್ಷ ಎಂದಿನ ಹಾಗೆ ಬಾಗಿಲಿಗೆ ಬೀಗ ಜಡಿದು ಗಿರಣಿಗೆ ಹೊರಟ. ಹೆಂಡತಿಯ ಮೇಲೆ ನಿಂತಿದ್ದ ಬೀಗ ಮಗಳ ಮೇಲೆ ನಿಲ್ಲಬೇಕಲ್ಲ! ಅವನು ಬೀದಿಯ ತಿರುವು ತಲುಪುವ ಮೊದಲೇ ಟಕ್. ವಾಪಸು ಬಂದು ಮತ್ತೆ ಹಾಕಿದ. ಮತ್ತೆ ಟಕ್. ಬೀದಿಯ ಹೆಂಗಸರು ಮೊರ ಹಿಡಿದುಕೊಂಡು, ಅಕ್ಕಿ ಆರಿಸುವವರ ಹಾಗೆ ಕೂತು ನೋಡಿದರಂತೆ. ಮಗು ಹುಟ್ಟಿದರೆ ಹೀಗಾಗುತ್ತದೆ ಎಂದು ಈ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಹೊಳೆಯಲಿಲ್ಲ ನೋಡಿ. ಒಂದೇ ವಾರದಲ್ಲಿ ನನ್ನ ಹತ್ತಿರ ಮೂರು ಹೊಸ ಬೀಗ ಕೊಂಡ. ಇದು ಗಟ್ಟಿ ಐತಾ, ಇದು ಗಟ್ಟಿ ಐತಾ ಎಂದು ಕೇಳಿದಾಗಲೆಲ್ಲ, ತುಂಬಾ ಗಟ್ಟಿ ಐತೆ ಕಣಪ್ಪ ಎಂದು ಮಾರಿದೆ. ವನಜಾ ಕೂಸನ್ನು ಎತ್ತಿಕೊಂಡು ಬೀದಿ ಬೀದಿ ತಿರುಗಾಡತೊಡಗಿದಳು. ಎಂಟು ತಿಂಗಳು ಬಿಸಿಲು ಕಾಣದ ಹುಡುಗಿ ಬೇಕೆಂದೇ ಬಿಸಿಲಿನಲ್ಲಿ ನಡೆಯುತ್ತಿದ್ದಳು. ಅವಳು ಅಂಗಡಿಯ ಮುಂದೆ ಹಾದುಹೋದಾಗ ನನಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಆ ಎಂಟು ತಿಂಗಳ ಎರಡನೆಯ ಕೈ ನನ್ನ ಗೋಡೆಯ ಮೇಲೆ ತೂಗುತ್ತಿತ್ತು. ತಪ್ಪು ನನ್ನದೂ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಅಷ್ಟು ದಿನ ಹಿಡಿಯಿತು.

ನಲವತ್ತೊಂದನೆಯ ದಿನದ ಹೊತ್ತಿಗೆ ಮುನ್ನೂರ ಹನ್ನೆರಡು ಕೈ ಹಲಗೆಯ ಮೇಲೆ ವಾಪಸು ಬಂದಿದ್ದವು. ನನಗೆ ಅನ್ನ ಸೇರುತ್ತಿರಲಿಲ್ಲ. ಶಾಲೆಯ ದಾಖಲೆ ಸರಿಯಿದ್ದರೆ ಬೀಗ ನಿಲ್ಲುತ್ತದೆ, ನಿಂತರೆ ಹುಡುಗಿಯನ್ನು ಒಯ್ಯುತ್ತಾರೆ. ಬೀಗ ಹಾಕುವ ಕೈ ನನ್ನದೇ. ಸಾಹೇಬರ ಹತ್ತಿರ ಹೋಗಿ, ಅವತ್ತು ಸಿಟ್ಟಿನಲ್ಲಿ ಅಂದೆ, ಈಗ ನನ್ನ ಕೈಗೆ ಕೊಡಿ ಎಂದೆ. ಅದನ್ನು ವಿಚಾರಣೆಯ ದಿನವೇ ಹೇಳಬೇಕು, ಬೀಗ ನಿಲ್ಲದಿದ್ದರೆ ಮಾತ್ರ ನಡೆಯುತ್ತದೆ ಎಂದು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು ಕಳಿಸಿದರು.

ಹಾಗಾಗಿ ನಾನು ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಬೀಗದ ಕೋಣೆಯ ಬೀಗಕ್ಕೆ ಒಂದು ಜೋಡಿ ಮಾಡಿದೆ, ನೋಡಲು ತದ್ರೂಪು. ಆದರೆ ಒಳಗೆ ಕೊಂಡಿ ಹಿಡಿಯುವ ಕಚ್ಚನ್ನು ಕೂದಲೆಳೆಯಷ್ಟು ಸವೆಸಿ, ಸ್ಪ್ರಿಂಗು ಸಡಿಲ ಮಾಡಿ ಇಟ್ಟೆ. ಹಾಕಿ ಐದಾರು ನಿಮಿಷಕ್ಕೆ ತನ್ನ ಭಾರಕ್ಕೆ ತಾನೇ ಬೀಳಬೇಕು. ಮೂರು ಸಲ ಹಾಕಿ ನೋಡಿದೆ, ಮೂರು ಸಲವೂ ಬಿತ್ತು. ಅಪ್ಪನ ಫೋಟೋದ ಕಡೆ ನೋಡದೆ ಅದನ್ನು ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಮನೆಗೆ ಹೋದೆ. ಜಲಜಾ ಇನ್ನೂ ಒಂದೆರಡು ಕೈ ಮುಗಿಸಿ ಬಾಗಿಲು ಹಾಕಿಕೊಂಡು ಹೋಗುತ್ತೇನೆ ಎಂದಳು. ಇದು ವಿಚಾರಣೆಯ ಹಿಂದಿನ ಸಾಯಂಕಾಲ.

ಬೆಳಿಗ್ಗೆ ಪುರಸಭೆಯ ಹಿಂದೆ ಕಾಲಿಡಲು ಜಾಗವಿರಲಿಲ್ಲ. ಅವಳನ್ನು ಬಾಗಿಲು ಬಾಗಿಲಲ್ಲಿ ಬೈದಿದ್ದ ಜನವೆಲ್ಲ ಬಂದಿತ್ತು. ಹದಿನಾಲ್ಕು ತಲೆಮಾರಿನ ಅಜ್ಜಿಯೂ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಸಾಹೇಬರು ಗಡಿಯಾರ ಹಿಡಿದು ನಿಂತಿದ್ದರು. ಅವರ ಪಕ್ಕ ಪುರಸಭೆಯ ಗುಮಾಸ್ತ, ಕಂಕುಳಲ್ಲಿ ಪುಸ್ತಕ. ಜಲಜಾ ಕೋಣೆಯೊಳಗೆ ಹೋಗುವ ಮುಂಚೆ ನನ್ನ ಹತ್ತಿರ ಬಗ್ಗಿ, ನನಗಷ್ಟೇ ಕೇಳುವ ಹಾಗೆ, ಮುಖವೆಲ್ಲ ಅರಳಿಸಿಕೊಂಡು ಹೇಳಿದಳು.

‘ದೊಡ್ಡವ್ವ, ಬಟ್ಟೇಲಿ ಸುತ್ತಿಟ್ಟಿದ್ದ ಬೀಗ ನೋಡ್ದೆ. ಕಚ್ಚು ಸವೆದೋಗಿತ್ತು, ಸ್ಪ್ರಿಂಗು ಲೂಸಾಗಿತ್ತು. ಎಲ್ಲಾ ಹೊಸದು ಹಾಕಿ ಸರಿ ಮಾಡಿವ್ನಿ. ಇಷ್ಟು ಜನದ ಮುಂದೆ ನಿನ್ ಹೆಸರು ಕೆಡಬಾರ್ದಲ್ಲ.’

ಒದರಲೂ ಆಗದು, ಅಳಲೂ ಆಗದು. ಲೇ ಹುಚ್ಚು ಮುಂಡೇದೆ, ನಿನಗೆ ಕಸುಬು ಯಾಕೆ ಹತ್ತಿತೇ ಎಂದು ಮನಸ್ಸಿನಲ್ಲೇ ಬೈದೆ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು. ಸಾಹೇಬರು ಹ್ಞೂಂ ಎಂದರು. ನಾನು ಬೀಗ ಹಾಕಿ ಕೈ ತಿರುಗಿಸಿದೆ. ಕಟ್ ಎಂದು ಕೂತ ಸದ್ದು ಕೇಳಿಯೇ ಗೊತ್ತಾಯಿತು, ಅಷ್ಟು ಚೆನ್ನಾಗಿ ಕೂತ ಬೀಗ ನಾನೂ ಮಾಡಿರಲಿಲ್ಲ.

ಎರಡು ನಿಮಿಷ. ನಾಲ್ಕು ನಿಮಿಷ. ಬೀಗ ಅಲ್ಲಾಡಲಿಲ್ಲ. ಆರಾದಾಗ ಒಮ್ಮೆ ತೂಗಿದ ಹಾಗಾಯಿತು, ಜನ ಮುಂದಕ್ಕೆ ನುಗ್ಗಿದರು. ಗಾಳಿ ಅಷ್ಟೆ. ಏಳು. ಸಾಹೇಬರು ಮರುಕದ ಮುಖ ಮಾಡಿಕೊಂಡು, ಜೀಪು ತಿರುಗಿಸಿ ನಿಲ್ಲಿಸಲು ಹೇಳಿದರು. ಒಳಗಿನಿಂದ ಜಲಜಾ ಮೆಲ್ಲಗೆ, ದೊಡ್ಡವ್ವ ನಿಂತೈತಾ ಎಂದು ಕೇಳಿದಳು. ದನಿಯಲ್ಲಿ ಮೊದಲಿನ ಅರಳಿಕೆ ಇರಲಿಲ್ಲ. ಆ ಹುಡುಗಿಗೂ ಈಗ ಹೊಳೆದಿರಬೇಕು, ನಾನು ಯಾಕೆ ಕೆಟ್ಟ ಬೀಗ ಮಾಡಿದ್ದೆ ಎಂದು.

ಎಂಟನೆಯ ನಿಮಿಷಕ್ಕೆ ಜನರ ನಡುವಿನಿಂದ ವನಜಾ ಬಂದಳು. ಕೂಸನ್ನು ಎದೆಗೆ ಅವುಚಿಕೊಂಡಿದ್ದಳು, ತಿಂಗಳು ತುಂಬಿದ್ದರೆ ಹೆಚ್ಚು. ಯಾರನ್ನೂ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ನೀರು ಕೊಡುವ ಕಿಂಡಿಯ ಹತ್ತಿರ ಹೋಗಿ, ಜಲ್ಜಿ, ಹಿಡ್ಕೊಳ್ಳೇ ಎಂದು ಕೂಸನ್ನು ತೂರಿಸಿದಳು. ಒಳಗಿನಿಂದ ಎರಡು ಕೈ ಬಂದು ಈಸಿಕೊಂಡವು.

ಟಕ್.

ಬೀಗ ಸಾಹೇಬರ ಕಾಲಿನ ಹತ್ತಿರ ಬಿತ್ತು. ಹಳೆಯ ಹೆಬ್ಬೆರಳು ನೆನಪಾಗಿ ಅವರು ಹಿಂದಕ್ಕೆ ಹಾರಿದರು. ಇದು ನಡೆಯುವುದಿಲ್ಲ, ಇದು ಮೋಸ ಎಂದರು. ವನಜಾ ತಣ್ಣಗೆ, ಮಗು ಚಿಕ್ಕಮ್ಮನ್ನ ನೋಡಿರಲಿಲ್ಲ ಸಾರ್, ಅದ್ಕೆ ಕೊಟ್ಟೆ ಎಂದಳು. ಸಾಹೇಬರು ಗುಮಾಸ್ತನ ಕಡೆ ತಿರುಗಿ, ಕೋಣೆಯಲ್ಲಿ ಇಬ್ಬರಿದ್ದರೆ ಏನು ನಿಯಮ ಎಂದು ಕೇಳಿದರು. ಗುಮಾಸ್ತ ಕನ್ನಡಕ ಏರಿಸಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದ. ಕಾಲಂ ಎರಡೇ ಇವೆ ಸಾರ್ ಎಂದ.

ನಾನು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು ಹತ್ತು ನಿಮಿಷದೊಳಗೆ ನಿಲ್ಲಲಿಲ್ಲ ಎಂದು ಬರೆದು ಸಹಿ ಹಾಕಿದೆ. ಬೀಗ ನೆಲದ ಮೇಲೆ ಬಿದ್ದಿತ್ತು, ಇಡೀ ಊರು ನೋಡಿತ್ತು. ಇದರಲ್ಲಿ ಸುಳ್ಳು ಯಾವುದು? ಆಮೇಲೆ ಸಾಹೇಬರ ಮುಂದೆ ಹೋಗಿ ನಿಂತೆ.

‘ನನ್ ಕೈಗೆ ಕೊಡಿ’ ಎಂದೆ. ‘ಇನ್ನೂ ನಾನೂರೆಂಬತ್ತರ ಹತ್ರ ಕೈ ಬಾಕಿ ಅವೆ. ಇವ್ಳನ್ನ ನೀವು ಒಳಗ್ ಹಾಕಿದ್ರೆ ಅವನ್ನೆಲ್ಲ ನಿಮ್ ಸುಧಾರಣಾ ಇಲಾಖೆ ಬಂದು ಮಾಡಿಕೊಡ್ತದಾ?’

ಸಾಹೇಬರು ಪುಸ್ತಕ ನೋಡಿದರು, ಬೀಗ ನೋಡಿದರು, ಜನರನ್ನು ನೋಡಿದರು. ಅವರದೂ ಒಂದು ಕಸುಬು, ಬರೆದದ್ದನ್ನು ಮೀರುವವರಲ್ಲ. ಕೊಟ್ಟಿದೆ ಎಂದು ಬರೆದು ಜೀಪು ಹತ್ತಿದರು. ನೀಲಿ ಭವನ ಆಮೇಲೆ ಜೋಳದ ಗೋದಾಮಾಯಿತು. ಜೋಳಕ್ಕೆ ಬೀಗ ಚೆನ್ನಾಗಿ ನಿಲ್ಲುತ್ತದೆ.

ಜನ ಕರಗಿದ ಮೇಲೆ ನಾನು ಆ ಬೀಗವನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದೆ. ಕಚ್ಚು ಹೊಸದಾಗಿ ಕೊರೆದದ್ದು, ಅಂಚು ಕನ್ನಡಿ. ಜನ್ಮದಲ್ಲಿ ಒಂದೇ ಒಂದು ಕೆಟ್ಟ ಬೀಗ ಮಾಡಿದ್ದೆ, ಅದನ್ನೂ ಕೆಟ್ಟದ್ದಾಗಿ ಇರಲು ಬಿಡಲಿಲ್ಲ ಈ ಹುಡುಗಿ. ಅವಳು ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿ ತಪ್ಪಿತಸ್ಥಳ ಹಾಗೆ ನಿಂತಿದ್ದಳು. ನೀನು ಸಾಯಿಸಿದ್ದೆಯಲ್ಲೇ ನನ್ನ ಎಂದು ಬಾಯಿ ತುಂಬ ಬೈದೆ. ಬೈಯುತ್ತಾ ಬೈಯುತ್ತಾ ಕಣ್ಣು ಮಂಜಾಯಿತು.

ಆ ಮಧ್ಯಾಹ್ನ ಮುದ್ದೆ ಉಂಡು ನಾನು ಮಲಗಲಿಲ್ಲ. ಪಾಲಾಕ್ಷನ ಮನೆಯ ಹಿತ್ತಾಳೆ ಬೀಗ ನಾನೇ ಮಾಡಿದ್ದು, ಅದರ ಹಲ್ಲು ನನ್ನ ಬೆರಳಿಗೆ ಬಾಯಿಪಾಠ. ಕೂತು ಅರ ಹಾಕಿದೆ. ಜಲಜಾ ಯಾರ ಮನೆಯದು ದೊಡ್ಡವ್ವ ಎಂದು ಕೇಳಿದಳು, ನಿನ್ನ ಕೆಲಸ ನೋಡು ಎಂದೆ. ಸಾಯಂಕಾಲ ವನಜಾ ಕೂಸನ್ನು ಎತ್ತಿಕೊಂಡು ತಂಗಿಯನ್ನು ನೋಡಲು ಬಂದಾಗ ಅವಳನ್ನು ಕರೆದು ಅಂಗೈಯಲ್ಲಿ ಅದನ್ನು ಇಟ್ಟೆ. ಕೊಂಡವನಲ್ಲದವರಿಗೆ ನಾನು ಕೈ ಕೊಟ್ಟದ್ದು ಅದೇ ಮೊದಲು. ಅವಳು ಅದೇನೆಂದು ನೋಡಿ, ಬೇಡ ಓಬಕ್ಕ, ಮಗು ಇದ್ದಾಳಲ್ಲ ಎಂದಳು.

‘ಇರ್ಲಿ ಇಟ್ಕೋ ತಾಯಿ’ ಎಂದೆ. ‘ಅವಳಿಗೂ ಒಂದಿನ ಬೀಗ ನಿಲ್ತದೆ.’